ಕರಿಕೋಟು ಹಾಕದ ಮಕ್ಕಳ ವಕೀಲ

ಸಂಸಾರದ ಜಗಳ ಕೋರ್ಟಿನ ಮೆಟ್ಟಿಲು ಹತ್ತಿತೆಂದರೆ ಗಂಡನಿಗೊಬ್ಬ ವಕೀಲ, ಹೆಂಡತಿಗೊಬ್ಬ ವಕೀಲ. ಅಜ್ಜ ಅಜ್ಜಿ ನಡುವೆ ಬಂದರೆ ಅವರಿಗೂ ಒಬ್ಬ. ಹೊರಗೆ ಬೆಂಚಿನ ತುದಿಯಲ್ಲಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಕೂತ ಮಗುವಿಗೆ ಮಾತ್ರ ಹೆಚ್ಚಾಗಿ ಯಾರೂ ಇರುವುದಿಲ್ಲ. ಮಗು ಯಾರ ಪಾಲಿಗೆ ಅಂತ ಎಲ್ಲರೂ ಕೇಳುತ್ತಾರೆ. ಮಗುವಿನ ಪಾಲಿಗೆ ಯಾರು ಅಂತ ಕೇಳುವವರು ಕಡಿಮೆ.

ಈ ಎರಡನೇ ಪ್ರಶ್ನೆಯನ್ನೇ ಬದುಕಿಡೀ ಹಿಡಿದು ಕೂತ ಒಬ್ಬ ಮನುಷ್ಯನ ಕತೆ ಇದು. ಊರು ಬಲು ದೂರದ್ದು, ಪೆಸಿಫಿಕ್ ಸಾಗರದ ನಟ್ಟನಡುವಿನ ಹವಾಯಿ ದ್ವೀಪಗಳು. ಹೆಸರು ಮೈರನ್ ಥಾಂಪ್ಸನ್. ಊರವರೆಲ್ಲ ಕರೆಯುತ್ತಿದ್ದುದು ಪಿಂಕಿ ಅಂತ. ಎಲ್‌ಎಲ್‌ಬಿ ಓದಿದವರಲ್ಲ, ಕರಿಕೋಟು ಹಾಕಿದವರಲ್ಲ. ಕಲಿತದ್ದು ಸಮಾಜಸೇವೆಯ ವಿದ್ಯೆ. ಆದರೂ ಅನಾಥ ಮಕ್ಕಳ ಪರವಾಗಿ ಟ್ರಸ್ಟಿನ ಕಚೇರಿಯಿಂದ ಗವರ್ನರ್ ಕೋಣೆಯ ತನಕ, ಅಲ್ಲಿಂದ ವಾಷಿಂಗ್ಟನ್ನಿನ ಸಂಸತ್ತಿನ ತನಕ ವಾದ ಮಾಡಿದ ಆಸಾಮಿ. ಜೊತೆಗೆ ಒಂದು ದೋಣಿಯ ಸಂಸಾರವನ್ನೂ ಮೈಮೇಲೆ ಎಳೆದುಕೊಂಡರು. 2001ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನವೇ ತೀರಿಕೊಂಡರು. ಆಗ ವಯಸ್ಸು 77.

ದೋಣಿಗೂ ಅನಾಥ ಮಕ್ಕಳಿಗೂ ಏನು ಸಂಬಂಧ ಅಂತೀರಾ? ಅದಕ್ಕೆ ಮೊದಲು ಒಬ್ಬ ರಾಣಿಯ ವಿಷಯ ಹೇಳಬೇಕು.

ರಾಣಿ ಬರೆದಿಟ್ಟ ಪತ್ರ

ಹವಾಯಿ ಹಿಂದೆ ಸ್ವತಂತ್ರ ರಾಜ್ಯ. ಅದರ ಕೊನೆಯ ರಾಣಿ ಲಿಲಿಯೊಕಲಾನಿ. 1893ರ ಜನವರಿಯಲ್ಲಿ ಅಲ್ಲಿನ ಬಿಳಿಯ ಕಬ್ಬಿನ ಧಣಿಗಳೂ ವ್ಯಾಪಾರಿಗಳೂ ಸೇರಿಕೊಂಡು, ಅಮೆರಿಕದ ನೌಕಾಪಡೆಯ ಬಂದೂಕಿನ ನೆರಳಿನಲ್ಲಿ, ಆಕೆಯನ್ನು ಸಿಂಹಾಸನದಿಂದ ಇಳಿಸಿದರು. 1895ರಲ್ಲಿ ಆಕೆಯದೇ ಅರಮನೆಯ ಒಂದು ಕೋಣೆಯಲ್ಲಿ ಕೂಡಿಹಾಕಿದರು. 1898ರಲ್ಲಿ ದ್ವೀಪಗಳನ್ನು ಅಮೆರಿಕ ತನ್ನೊಳಗೆ ಸೇರಿಸಿಕೊಂಡಿತು.

ರಾಜ್ಯ ಹೋಯಿತು. ಆದರೆ ರಾಣಿಯ ಸ್ವಂತ ಹೆಸರಿನಲ್ಲಿ ಇನ್ನೂ ಜಮೀನಿತ್ತು. ಹೆತ್ತ ಮಕ್ಕಳಿರಲಿಲ್ಲ. 1909ರಲ್ಲಿ ಆಕೆ ಒಂದು ಟ್ರಸ್ಟು ಪತ್ರ ಬರೆಸಿ, ತನ್ನ ಆಸ್ತಿಯ ಉತ್ಪನ್ನ ಹವಾಯಿಯ ಅನಾಥ ಮಕ್ಕಳಿಗೆ ಹೋಗಲಿ, ಅದರಲ್ಲೂ ಹವಾಯಿ ರಕ್ತದ ಮಕ್ಕಳಿಗೆ ಮೊದಲ ಹಕ್ಕು ಇರಲಿ ಅಂತ ನಿಗದಿ ಮಾಡಿದಳು. 1911ರಲ್ಲಿ ತಿದ್ದುಪಡಿ ಮಾಡಿ, ಅನಾಥರ ಜೊತೆಗೆ ಗತಿಯಿಲ್ಲದ ಇತರ ಮಕ್ಕಳನ್ನೂ ಸೇರಿಸಿದಳು. ಅಪ್ಪ ಅಮ್ಮ ಬದುಕಿದ್ದೂ ದಿಕ್ಕಿಲ್ಲದ ಮಕ್ಕಳು ಇರುತ್ತಾರೆ ಎಂಬುದು ಆಕೆಗೆ ಗೊತ್ತಿತ್ತು.

ಆಸ್ತಿ ಅಂದ ಮೇಲೆ ತಕರಾರು ಬಾರದೆ ಇರುತ್ತದೆಯೆ? ರಾಜಮನೆತನದ ಕುಹಿಯೊ ರಾಜಕುಮಾರನೇ 1915ರಲ್ಲಿ ಈ ಟ್ರಸ್ಟನ್ನು ರದ್ದು ಮಾಡಿ ಅಂತ ಕೋರ್ಟಿಗೆ ಹೋದ. ರಾಣಿ 1917ರಲ್ಲಿ ತೀರಿಕೊಂಡಳು. ಟ್ರಸ್ಟು ಮಾತ್ರ ಈ ವ್ಯಾಜ್ಯವನ್ನು ದಾಟಿ ಉಳಿಯಿತು. ಇಂದಿಗೂ ನಡೆಯುತ್ತಿದೆ. ಪ್ರವಾಸಿಗಳು ಮುಗಿಬೀಳುವ ವೈಕೀಕಿ ಬೀಚಿನ ಬಳಿ, ಕೋನಾ ಕಡೆ ಅದರ ಜಮೀನುಗಳಿವೆ. ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಬಾಡಿಗೆಯ ಬಿಸಿ ಗೊತ್ತಿದ್ದದ್ದೇ. ಅಲ್ಲಿ ಆ ಬಾಡಿಗೆಯ ಒಂದು ಪಾಲು ದಿಕ್ಕಿಲ್ಲದ ಮಕ್ಕಳ ಊಟಕ್ಕೆ, ಓದಿಗೆ ಹೋಗುತ್ತದೆ ಅಂದುಕೊಳ್ಳಿ.

ಈ ಟ್ರಸ್ಟು ನಡೆಸುವ ಮಕ್ಕಳ ಕೇಂದ್ರಕ್ಕೆ ಮುಖ್ಯಸ್ಥರಾಗಿ ಬಂದವರು ಪಿಂಕಿ ಥಾಂಪ್ಸನ್.

ಕಣ್ಣಿಗೆ ಬಿದ್ದ ಪೆಟ್ಟು

ಹುಟ್ಟಿದ್ದು 1924ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನ್ಯ ಸೇರಿ ಫ್ರಾನ್ಸಿನ ನಾರ್ಮಂಡಿ ರಣರಂಗದಲ್ಲಿ ಕಣ್ಣಿಗೆ ಪೆಟ್ಟು ತಿಂದರು. ಬಹಳ ಕಾಲ ಆಸ್ಪತ್ರೆಯಲ್ಲೇ ಕಳೆಯಬೇಕಾಯಿತು. ಇಪ್ಪತ್ತರ ಹುಡುಗ, ಕಣ್ಣಿಗೆ ಪಟ್ಟಿ, ಮುಂದೇನು ಎಂಬ ಯೋಚನೆ. ಅಲ್ಲಿಂದ ಎದ್ದು ಬಂದವರು ಅಮೆರಿಕದ ಮೇಯ್ನ್ ಸಂಸ್ಥಾನದ ಕೋಲ್ಬಿ ಕಾಲೇಜಿನಲ್ಲಿ ಓದಿದರು, ಊರಿಗೆ ಮರಳಿ ಹವಾಯಿ ವಿಶ್ವವಿದ್ಯಾಲಯದಲ್ಲಿ ಸಮಾಜಸೇವೆಯ ಪದವಿ ಪಡೆದರು.

ಆ ಕಾಲಕ್ಕೆ ಹವಾಯಿ ಮೂಲದ ಜನರ ಸ್ಥಿತಿ ಹೇಗಿತ್ತು? ನೆಲ ಕೈತಪ್ಪಿತ್ತು. ಭಾಷೆ ಕೈತಪ್ಪಿತ್ತು. 1896ರ ಕಾನೂನಿನಿಂದ ಶಾಲೆಗಳ ಬೋಧನೆ ಇಂಗ್ಲಿಷಿಗೆ ತಿರುಗಿ, ಅಜ್ಜಿಯ ಮಾತು ಮೊಮ್ಮಗನಿಗೆ ಅರ್ಥವಾಗದ ಕಾಲ ಬಂದಿತ್ತು. ಮಕ್ಕಳು ಶಾಲೆ ಬಿಡುವುದು, ಗಂಡಸರು ಕುಡಿತಕ್ಕೆ ಬೀಳುವುದು, ಸಂಸಾರ ಒಡೆಯುವುದು ಕಂಡಾಗ ಸರಕಾರಿ ಅಧಿಕಾರಿಗಳು ಹೇಳುತ್ತಿದ್ದುದು ಒಂದೇ: ಈ ಜನವೇ ಹೀಗೆ. ಸೋಮಾರಿಗಳು. ಇಂಥ ಷರಾ ಯಾವ ದೇಶದ ಫೈಲಿನಲ್ಲಿ ಇಲ್ಲ ಹೇಳಿ.

ರಾಣಿಯ ಹೆಸರಿನ ಕೇಂದ್ರ 1960ರ ದಶಕದಲ್ಲಿ ಬೇರೆ ದಾರಿ ಹಿಡಿಯಿತು. ಮಗು ಯಾಕೆ ಹಾಗೆ ಆಡುತ್ತದೆ ಅಂತ ಪುಸ್ತಕದಲ್ಲಿ ಹುಡುಕುವ ಬದಲು ಹವಾಯಿಯ ಹಿರಿಯರನ್ನೇ ಕೇಳೋಣ ಅಂತ ಹೊರಟಿತು. ಹವಾಯಿ ಭಾಷೆಗೆ ನಿಘಂಟು ಮಾಡಿದ ವಿದ್ವಾಂಸೆ ಮೇರಿ ಕವೇನಾ ಪುಕುಯಿ, ಮನೋವೈದ್ಯರು, ಸಮಾಜಸೇವಕರು ಒಟ್ಟಿಗೆ ಕೂತು ಒಂದೊಂದೇ ಪದ್ಧತಿ ಬಿಡಿಸಿ ನೋಡಿದರು. 1972ರಲ್ಲಿ ಅದರ ಫಲವಾಗಿ ಪುಸ್ತಕವೂ ಬಂತು. ಅದರ ಹೆಸರಿನ ಅರ್ಥವೇ ಮೂಲದ ಕಡೆ ನೋಡು ಅಂತ.

ಅಲ್ಲಿ ಸಿಕ್ಕ ಎರಡು ಸಂಗತಿ ಹೇಳಲೇಬೇಕು. ಒಂದು ಹಾನಾಯಿ. ಅಂದರೆ ಮಗುವನ್ನು ಬಂಧುಗಳಿಗೋ ಸ್ನೇಹಿತರಿಗೋ ಸಾಕಲು ಕೊಡುವುದು. ನಮ್ಮ ಕಡೆ ಮಕ್ಕಳಿಲ್ಲದ ಅಕ್ಕನಿಗೆ ತಂಗಿ ತನ್ನ ಒಂದು ಮಗು ಕೊಟ್ಟಂತೆ. ಕೋರ್ಟಿನ ದತ್ತಕದಲ್ಲಿ ಹೆತ್ತವರ ಹೆಸರನ್ನು ಲಕೋಟೆಯೊಳಗೆ ಹಾಕಿ ಅರಗು ಒತ್ತುವ ಕಾಲವಿತ್ತು. ಹಾನಾಯಿಯಲ್ಲಿ ಗುಟ್ಟಿಲ್ಲ. ಮಗುವಿಗೆ ಹೆತ್ತವರೂ ಗೊತ್ತು, ಸಾಕಿದವರೂ ಗೊತ್ತು. ಲಿಲಿಯೊಕಲಾನಿ ರಾಣಿಯೂ ಹೀಗೆ ಬೇರೆ ಮನೆಯಲ್ಲಿ ಬೆಳೆದವಳೇ.

ಇನ್ನೊಂದು ಹೊಒಪೊನೊಪೊನೊ. ಬಾಯಿ ತಿರುಗುವುದು ಕಷ್ಟ, ಅರ್ಥ ಸುಲಭ: ನೆಟ್ಟಗೆ ಮಾಡುವುದು. ಮನೆಯಲ್ಲಿ ಜಗಳ ಹತ್ತಿತೆಂದರೆ ಹಿರಿಯರೊಬ್ಬರು ಎಲ್ಲರನ್ನೂ ಕೂರಿಸುತ್ತಾರೆ. ಮೊದಲು ಪ್ರಾರ್ಥನೆ. ಆಮೇಲೆ ಒಬ್ಬೊಬ್ಬರೇ ತಮ್ಮ ಮಾತನ್ನು ಆ ಹಿರಿಯರಿಗೆ ಹೇಳಬೇಕು, ಒಬ್ಬರ ಮುಖಕ್ಕೆ ಒಬ್ಬರು ಬಯ್ಯುವ ಹಾಗಿಲ್ಲ. ಸಿಟ್ಟು ಏರಿದರೆ ಎಲ್ಲರೂ ಸ್ವಲ್ಪ ಹೊತ್ತು ಬಾಯಿ ಮುಚ್ಚಬೇಕು. ತಪ್ಪು ಒಪ್ಪಿಕೊಂಡು, ಕ್ಷಮೆ ಕೇಳಿ, ಕ್ಷಮೆ ಕೊಟ್ಟು, ಕೊನೆಗೆ ಒಟ್ಟಿಗೆ ಊಟ. ನಮ್ಮ ಹಳ್ಳಿಯ ಪಂಚಾಯಿತಿ ಕಟ್ಟೆ ನೆನಪಾಗಬಹುದು. ಆದರೆ ಕಟ್ಟೆಯಲ್ಲಿ ದಂಡ ಇರುತ್ತದೆ, ಇಲ್ಲಿ ಇಲ್ಲ. ಕೋರ್ಟು ಇಬ್ಬರಲ್ಲಿ ಒಬ್ಬರನ್ನು ಗೆಲ್ಲಿಸಿ ಕಳಿಸುತ್ತದೆ. ಗೆದ್ದವರೂ ಸೋತವರೂ ಅದೇ ಮಗುವಿನ ಅಪ್ಪ ಅಮ್ಮ ಎಂಬುದನ್ನು ಹವಾಯಿಯ ಅಜ್ಜಿಯರು ಮರೆತಿರಲಿಲ್ಲ.

ಥಾಂಪ್ಸನ್ ಅಲ್ಲಿಂದ ಸರಕಾರಕ್ಕೆ ಹೋದರು. ಗವರ್ನರ್ ಜಾನ್ ಬರ್ನ್ಸ್ ಅವರ ಬಳಿ ಆಡಳಿತದ ಹೊಣೆ, ಆಮೇಲೆ ಸಂಸ್ಥಾನದ ಸಮಾಜ ಕಲ್ಯಾಣ ಇಲಾಖೆ. 1974ರಲ್ಲಿ ಬಿಷಪ್ ಎಸ್ಟೇಟ್ ಎಂಬ ಭಾರೀ ಧರ್ಮದತ್ತಿಗೆ ಟ್ರಸ್ಟಿ. ಅದೂ ರಾಜಕುಮಾರಿಯೊಬ್ಬಳು ಮಕ್ಕಳ ಶಾಲೆಗಾಗಿ ಬಿಟ್ಟುಹೋದ ಆಸ್ತಿ. ಹವಾಯಿಯ ಅತಿ ದೊಡ್ಡ ಖಾಸಗಿ ಭೂಮಾಲೀಕ ಎಂದರೆ ಈ ದತ್ತಿಯೇ. ಅಲ್ಲಿಯೂ ಅವರ ಹಟ ಒಂದೇ: ದೊಡ್ಡ ಗೇಟಿನ ಒಳಗೆ ಸೀಟು ಸಿಕ್ಕ ಮಕ್ಕಳನ್ನು ಮಾತ್ರ ನೋಡಬೇಡಿ, ಸೀಟು ಸಿಗದ ಮಕ್ಕಳಿರುವ ಕೇರಿಗಳಿಗೂ ಹೋಗಿ, ಶಾಲೆ ಸೇರುವ ಮೊದಲೇ ಹೋಗಿ. 1975ರಲ್ಲಿ ಹವಾಯಿ ಜನರಿಗೆ ಕೆಲಸದ ತರಬೇತಿ ಕೊಡುವ ಅಲು ಲೈಕ್ ಸಂಸ್ಥೆ ಶುರುವಾಗಲು ಕಾರಣರಾದವರಲ್ಲಿ ಅವರೂ ಒಬ್ಬರು. 1988ರಲ್ಲಿ ಹವಾಯಿ ಮೂಲದವರ ಆರೋಗ್ಯಕ್ಕೆ, ಓದಿಗೆ ಅಮೆರಿಕದ ಸಂಸತ್ತು ಕಾನೂನು ಮಾಡಿತು. ಅದರ ಹಿಂದೆಯೂ ಅವರ ಓಡಾಟ ಇತ್ತು.

ಬರೀ ಹೊಗಳಿಕೆ ಬೇಡ. ಆ ದತ್ತಿಯ ಟ್ರಸ್ಟಿಗಳಿಗೆ ಸಿಗುತ್ತಿದ್ದ ಕಮಿಷನ್ ವರ್ಷಕ್ಕೆ ಲಕ್ಷಗಟ್ಟಲೆ ಡಾಲರ್. ಮಕ್ಕಳ ಹೆಸರಿನ ಆಸ್ತಿಯಿಂದ ದೊಡ್ಡವರಿಗೆ ಇಷ್ಟೊಂದೇ ಎಂಬ ಪ್ರಶ್ನೆ ಜೋರಾಗಿ ಎದ್ದು, ದೊಡ್ಡ ರಂಪವಾಗಿ, ವ್ಯವಸ್ಥೆಯೇ ಬದಲಾದದ್ದು 1997ರ ನಂತರ. ಅಷ್ಟು ಹೊತ್ತಿಗೆ, 1994ರಲ್ಲೇ, ಥಾಂಪ್ಸನ್ ಹೊರಗೆ ಬಂದಿದ್ದರು. ಅವರಿದ್ದ ಕಾಲದಲ್ಲೂ ಆ ಕಮಿಷನ್ ಪದ್ಧತಿ ಇದ್ದದ್ದೇ.

ಸ್ವಾತಿ ನಕ್ಷತ್ರದ ದೋಣಿ

ಈಗ ದೋಣಿಗೆ ಬರೋಣ.

ಹವಾಯಿಯ ಜನಕ್ಕೆ ಸಮುದ್ರದ ದೋಣಿ ಎಂದರೆ ಬರೀ ಮೀನು ಹಿಡಿಯುವ ಸಾಧನ ಅಲ್ಲ. ಆರು ಜನ ಹುಟ್ಟು ಹಾಕುವ ಕಿರಿದಾದ ದೋಣಿ, ಎಡಕ್ಕೆ ಎರಡು ಬಾಗಿದ ಕೋಲುಗಳ ತುದಿಗೆ ಕಟ್ಟಿದ ಒಂದು ಮರದ ತೇಲು. ಆ ತೇಲು ದೋಣಿ ಮಗುಚದಂತೆ ಹಿಡಿಯುತ್ತದೆ. ಗೋವೆ, ರತ್ನಾಗಿರಿ ಕಡೆಯ ಮೀನುಗಾರರು ಇಂಥದೇ ತೇಲು ಕಟ್ಟಿದ ದೋಣಿ ಬಳಸುವುದನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. 1952ರಿಂದ ಮೊಲೊಕಾಯಿ ದ್ವೀಪದಿಂದ ಒವಾಹು ದ್ವೀಪದವರೆಗೆ ಇಂಥ ದೋಣಿಗಳ ಪಂದ್ಯ ನಡೆಯುತ್ತ ಬಂದಿದೆ. ನಲವತ್ತು ಮೈಲಿಗೂ ಹೆಚ್ಚು, ನಡುವೆ ಕೆರಳಿದ ಕಡಲಗಾಲುವೆ. ಸಂಜೆ ಆಫೀಸು, ಕೋರ್ಟು, ಅಂಗಡಿ ಮುಗಿಸಿ ಬಂದವರು ಕಡಲ ದಂಡೆಯ ಕ್ಲಬ್ಬಿನಲ್ಲಿ ಹುಟ್ಟು ಹಿಡಿಯುತ್ತಾರೆ, ಪಕ್ಕದಲ್ಲೇ ಶಾಲೆ ಹುಡುಗರ ದೋಣಿಯೂ ಇರುತ್ತದೆ.

ಇದು ಚಿಕ್ಕ ದೋಣಿ. ಸಾಗರ ದಾಟುವುದಕ್ಕೆ ಎರಡು ದೋಣಿಗಳನ್ನು ಪಕ್ಕಪಕ್ಕ ಇಟ್ಟು ಮೇಲೆ ಅಟ್ಟ ಕಟ್ಟಿ ಹಾಯಿ ಏರಿಸಿದ ಜೋಡಿದೋಣಿ ಬೇಕು. ಹವಾಯಿಯ ಪೂರ್ವಿಕರು ಇಂಥದರಲ್ಲೇ ಬಂದರು ಎನ್ನುವುದನ್ನು ಕೆಲವು ಪಂಡಿತರು ನಂಬಲಿಲ್ಲ. ದಿಕ್ಸೂಚಿ ಇಲ್ಲ, ನಕ್ಷೆ ಇಲ್ಲ, ದಿಕ್ಕು ತಪ್ಪಿ ಗಾಳಿಗೆ ತೇಲಿ ಬಂದಿರಬೇಕು ಅಂದರು. ತೇಲಿ ಬಂದವರ ಮಕ್ಕಳು ನೀವು ಅಂತ ಶಾಲೆಯಲ್ಲಿ ಕೇಳಿಸಿಕೊಂಡ ಹುಡುಗನಿಗೆ ತನ್ನ ಬಗ್ಗೆ ಏನನ್ನಿಸೀತು? ಮಕ್ಕಳ ಕೇಂದ್ರದ ಫೈಲಿಗೂ ದೋಣಿಗೂ ಇರುವ ಗಂಟು ಇಲ್ಲಿದೆ.

ಇದನ್ನು ಪರೀಕ್ಷೆಗೇ ಹಚ್ಚೋಣ ಅಂತ 1973ರಲ್ಲಿ ಬೆನ್ ಫಿನ್ನಿ, ಹರ್ಬ್ ಕಾನೆ, ಟಾಮಿ ಹೋಮ್ಸ್ ಎಂಬ ಮೂವರು ಪಾಲಿನೀಷಿಯನ್ ವೊಯೇಜಿಂಗ್ ಸೊಸೈಟಿ ಕಟ್ಟಿದರು. 1975ರ ಮಾರ್ಚ್ 8ರಂದು ಹೊಸ ಜೋಡಿದೋಣಿ ನೀರಿಗಿಳಿಯಿತು. ಉದ್ದ 62 ಅಡಿ, ನಮ್ಮ ಒಂದೂವರೆ ಬಸ್ಸಿನಷ್ಟು. ಹೆಸರು ಹೋಕೂಲೆಅ, ಅಂದರೆ ಸಂತೋಷದ ನಕ್ಷತ್ರ. ಯಾವ ನಕ್ಷತ್ರ ಗೊತ್ತೆ? ಮುತ್ತಿನ ಹನಿ ಬೀಳಿಸುತ್ತದೆ ಅಂತ ನಮ್ಮವರು ನಂಬಿದ ಸ್ವಾತಿಯೇ. ಹವಾಯಿಯಲ್ಲಿ ಅದು ಸರಿಯಾಗಿ ನೆತ್ತಿಯ ಮೇಲೆ ಹಾಯುತ್ತದೆ. ದೂರ ಹೋದ ನಾವಿಕ ಸ್ವಾತಿ ತನ್ನ ನೆತ್ತಿಗೆ ಬಂದಾಗ ಊರಿನ ಅಕ್ಷಾಂಶಕ್ಕೆ ತಲುಪಿದೆ ಅಂತ ತಿಳಿಯುತ್ತಾನೆ.

ದೋಣಿ ಆಯಿತು, ನಡೆಸುವವರು ಬೇಕಲ್ಲ? ಹವಾಯಿಯಲ್ಲಿ ಆ ವಿದ್ಯೆ ಬಲ್ಲವರು ಒಬ್ಬರೂ ಉಳಿದಿರಲಿಲ್ಲ. ಮೈಕ್ರೊನೇಷಿಯಾದ ಸತವಾಲ್ ಎಂಬ ಪುಟ್ಟ ದ್ವೀಪದಿಂದ ಮಾವ್ ಪಿಯಾಯ್ಲುಗ್ ಎಂಬಾತನನ್ನು ಕರೆಸಿದರು. ಎಳೆಗೂಸಾಗಿದ್ದಾಗಲೇ ಅಜ್ಜ ಆತನನ್ನು ಕಡಲ ಬದಿಯ ನೀರಿನ ಗುಂಡಿಯಲ್ಲಿ ಕೂರಿಸಿ ನೀರಿನ ಚಲನೆ ಮೈಗೆ ಹತ್ತಿಸಿದ್ದನಂತೆ. 1976ರ ಮೇ 1ರಂದು ಹೊರಟ ದೋಣಿ ಜೂನ್ 4ರಂದು ತಾಹಿತಿ ಮುಟ್ಟಿತು. ಸುಮಾರು 4,000 ಕಿ.ಮೀ. ದಾರಿ. ನಮ್ಮ ದೇಶದ ಉತ್ತರದ ತುದಿಯಿಂದ ದಕ್ಷಿಣದ ತುದಿಗೆ 3,214 ಕಿ.ಮೀ., ಅದಕ್ಕಿಂತ ಹೆಚ್ಚು. ತಾಹಿತಿಯ ದಂಡೆಯಲ್ಲಿ 17,000ದಷ್ಟು ಜನ ಜಾತ್ರೆಯಂತೆ ಸೇರಿದ್ದರು.

ಆದರೆ ದೋಣಿಯೊಳಗೆ ಹದಗೆಟ್ಟಿತ್ತು. ಹೋಗುವ ದಾರಿಯುದ್ದಕ್ಕೂ ಜಗಳ, ಬಣ, ಕೊನೆಗೆ ಕೈ ಮಿಲಾಯಿಸುವ ತನಕ. ಬೇಸತ್ತ ಮಾವ್ ಅಲ್ಲಿಂದಲೇ ತನ್ನ ಊರಿಗೆ ಹೊರಟುಹೋದ. ಮರಳುವ ದಾರಿಯ ನಾವಿಕರಲ್ಲಿ ಇಪ್ಪತ್ತರ ಹರೆಯದ ಒಬ್ಬ ಹುಡುಗನಿದ್ದ. ನೈನೋವ ಥಾಂಪ್ಸನ್. ಪಿಂಕಿಯ ಮಗ.

ಈ ಹುಡುಗನ ಬಗ್ಗೆ ಒಂದು ಮಾತು. ಬೆಳೆದದ್ದು ನಿಯು ಕಣಿವೆಯಲ್ಲಿ ಅಜ್ಜನ ಡೇರಿಯ ಬಳಿ. ಶಾಲೆ ಅವನಿಗೆ ಒಗ್ಗಿರಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಜಪಾನಿ ಮೂಲದ ಹಾಲಿನವನು, ಹಾಲು ಹಂಚಿ ಬಂದ ಮೇಲೆ ಈ ಪೋರನನ್ನು ಕಡಲಿಗೆ ಮೀನು ಹಿಡಿಯಲು ಕರೆದೊಯ್ಯುತ್ತಿದ್ದ. ಸಮುದ್ರ ಕಲಿತದ್ದು ಹೀಗೆ. ಮಕ್ಕಳ ಇಲಾಖೆಯ ದೊಡ್ಡ ಅಧಿಕಾರಿಯ ಮಗನಿಗೆ ಗುರು ಸಿಕ್ಕಿದ್ದು ಹಾಲಿನ ಕ್ಯಾನು ಹೊತ್ತವನಲ್ಲಿ!

ಆ ರಾತ್ರಿ

1978ರ ಮಾರ್ಚ್ 16. ಹೊನೊಲುಲುವಿನ ಮ್ಯಾಜಿಕ್ ಐಲೆಂಡ್ ದಂಡೆಯಿಂದ ಹೋಕೂಲೆಅ ಮತ್ತೆ ತಾಹಿತಿಗೆ ಹೊರಟಿತು. ಗಾಳಿ ಜೋರಾಗಿತ್ತು. ದೋಣಿಯಲ್ಲಿ ಭಾರ ಹೆಚ್ಚಿತ್ತು. ಬೆಂಗಾವಲಿಗೆ ಹಡಗು ಇರಲಿಲ್ಲ. ಬೀಳ್ಕೊಡಲು ಜನ ಸೇರಿದ್ದರು, ಹೊರಡುವುದು ಬೇಡ ಎನ್ನುವ ಮಾತು ಅಂಥ ಹೊತ್ತಿನಲ್ಲಿ ಯಾರ ಬಾಯಿಂದಲೂ ಸುಲಭವಾಗಿ ಬರುವುದಿಲ್ಲ. ಐದಾರು ಗಂಟೆ ಕಳೆಯುವುದರೊಳಗೆ, ನಡುರಾತ್ರಿ ಸುಮಾರಿಗೆ, ಮೊಲೊಕಾಯಿ ಬಳಿಯ ಕಡಲಿನಲ್ಲಿ ಒಂದು ಬದಿಗೆ ನೀರು ತುಂಬಿ ದೋಣಿ ಮಗುಚಿತು.

ನಾವಿಕರೆಲ್ಲ ಬೋರಲು ಬಿದ್ದ ದೋಣಿಯನ್ನು ಹಿಡಿದುಕೊಂಡು ರಾತ್ರಿ ಕಳೆದರು. ಬೆಳಗಾಯಿತು. ಮೇಲೆ ಹೋದ ವಿಮಾನಗಳು ಇವರನ್ನು ಕಾಣಲಿಲ್ಲ. ಆಗ ಅವರಲ್ಲೊಬ್ಬ, ಎಡ್ಡಿ ಐಕಾವು ಎಂಬ 31ರ ತರುಣ, ತನ್ನ ಸರ್ಫಿಂಗ್ ಹಲಗೆಯ ಮೇಲೆ ಮಲಗಿ ಲಾನಾಯಿ ದ್ವೀಪದ ಕಡೆ ಕೈಯಿಂದ ನೀರು ತಳ್ಳುತ್ತ ಸಹಾಯ ತರಲು ಹೊರಟ. ಎಡ್ಡಿ ಬರೀ ಉತ್ಸಾಹಿ ಅಲ್ಲ, ವೈಮಿಯ ಕೊಲ್ಲಿಯ ಜೀವರಕ್ಷಕ. ಮನೆ ಎತ್ತರದ ಅಲೆಗಳ ನಡುವಿನಿಂದ ಜನರನ್ನು ಎಳೆದು ತಂದವನು. ಹೋದವನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಅಂದು ಸಂಜೆ ಪ್ರಯಾಣಿಕರ ವಿಮಾನವೊಂದು ಗುರುತಿಸಿ, ಉಳಿದವರನ್ನು ರಕ್ಷಿಸಿದರು. ಉಳಿದವರಲ್ಲಿ ನೈನೋವ ಇದ್ದ.

ಒಂದು ಗಳಿಗೆ ಪಿಂಕಿಯ ಜಾಗದಲ್ಲಿ ನಿಂತು ನೋಡಿ. ತನ್ನ ಮಗ ಬದುಕಿ ಮನೆಗೆ ಬಂದಿದ್ದಾನೆ. ಇನ್ನೊಂದು ಮನೆಯ ಮಗ ಬಂದಿಲ್ಲ. ಬದುಕಿಡೀ ಮಕ್ಕಳನ್ನು ಅಪಾಯದಿಂದ ದೂರ ಇಡುವುದೇ ಕಸುಬು ಮಾಡಿಕೊಂಡ ಮನುಷ್ಯ. ದೋಣಿಯನ್ನು ಮ್ಯೂಸಿಯಮ್ಮಿಗೆ ಸೇರಿಸಿ, ಸಾಕು, ಅಂದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಇನ್ನೊಂದು ಕಡೆ ಹುಡುಗರು ಎಡ್ಡಿಯ ಹೆಸರಿನಲ್ಲಿ ನಾಳೆಯೇ ಹೊರಡುತ್ತೇವೆ ಎನ್ನುವ ಉರಿಯಲ್ಲಿದ್ದರು.

ಪಿಂಕಿ ಎರಡನ್ನೂ ಒಪ್ಪಲಿಲ್ಲ. ಸೊಸೈಟಿಯ ಹೊಣೆಯನ್ನು ತಾವೇ ಹೊತ್ತುಕೊಂಡರು. ಮಗ ಮುಂದೆ ಎಷ್ಟೋ ಸಲ ಹೇಳಿಕೊಂಡಂತೆ, ಅಪ್ಪ ಕೇಳಿದ್ದು ಕಠಿಣವಾದ ಪ್ರಶ್ನೆಗಳನ್ನೇ. ಎಲ್ಲಿಗೆ, ಯಾಕೆ ಹೋಗುತ್ತೀರಿ? ತಯಾರಿ ಏನು? ಅಪಾಯ ಎಷ್ಟು, ಅದನ್ನು ಕಡಿಮೆ ಮಾಡಲು ಏನು ಮಾಡಿದ್ದೀರಿ? ದೋಣಿಯ ಮೇಲೆ ಒಬ್ಬರನ್ನೊಬ್ಬರು ಹೇಗೆ ನೋಡಿಕೊಳ್ಳುತ್ತೀರಿ? ಪೂರ್ವಿಕರು ಕಾಣದ ದ್ವೀಪವನ್ನು ಮೊದಲು ಮನಸ್ಸಿನಲ್ಲಿ ಕಂಡರು, ಆಮೇಲೆ ಯೋಜನೆ ಮಾಡಿದರು, ಮೈ ಮನಸ್ಸು ಹುರಿ ಮಾಡಿಕೊಂಡರು, ಆಮೇಲಷ್ಟೇ ಹೊರಟರು ಎಂಬುದು ಅವರ ವಾದ. ತರಬೇತಿ ಇಲ್ಲದವರಿಗೆ ದೋಣಿ ಇಲ್ಲ. ಬೆಂಗಾವಲು ಹಡಗಿಲ್ಲದೆ ದೂರಯಾನ ಇಲ್ಲ. ಜಗಳಗಂಟರಿಗೆ ಜಾಗ ಇಲ್ಲ. ಮುರಿದ ಸಂಸಾರಗಳನ್ನು ಕೂರಿಸಿ ಮಾತಾಡಿಸಿ ಅಭ್ಯಾಸವಿದ್ದವರು, ಮುರಿದ ದೋಣಿಯವರನ್ನೂ ಹಾಗೆಯೇ ಕೂರಿಸಿದರು ಅನ್ನಬಹುದು.

ಮಾವ್ ಮತ್ತೆ ಬಂದ. ಸತವಾಲಿನ ನಾವಿಕವಿದ್ಯೆ ಮನೆತನದ ಗುಟ್ಟು, ಹೊರಗಿನವರಿಗೆ ಹೇಳುವಂತಿಲ್ಲ. ಆದರೆ ಆತನ ದ್ವೀಪದ ಹುಡುಗರೇ ಕಲಿಯುವುದನ್ನು ಬಿಡುತ್ತಿದ್ದರು. ಕಟ್ಟಳೆ ಮುರಿದರೂ ಸರಿ, ವಿದ್ಯೆ ಸಾಯಬಾರದು ಅಂತ ನೈನೋವನಿಗೆ ಕಲಿಸಿದ. ಒಂದು ದಿನ ಒವಾಹುವಿನ ಗುಡ್ಡದ ಮೇಲೆ ಕೂತು ತಾಹಿತಿ ಯಾವ ದಿಕ್ಕಿಗಿದೆ ಅಂತ ಕೇಳಿದ. ಹುಡುಗ ಕೈ ತೋರಿಸಿದ. ದ್ವೀಪ ನಿನಗೆ ಕಾಣುತ್ತದೆಯೆ ಅಂತ ಮತ್ತೆ ಕೇಳಿದ. ಕಣ್ಣಿಗೆ ಕಾಣಲು 4,000 ಕಿ.ಮೀ. ದೂರ. ಮನಸ್ಸಿನಲ್ಲಿ ಕಾಣುತ್ತದೆ ಅಂದ ಹುಡುಗ. ಆ ಚಿತ್ರ ಕಳಕೊಂಡರೆ ನೀನೂ ಕಳೆದುಹೋಗುತ್ತೀಯ ಅಂತ ಎಚ್ಚರಿಸಿ, ಮನೆಗೆ ಹೋಗೋಣ ಅಂತ ಎದ್ದನಂತೆ ಗುರು.

1980ರ ಮಾರ್ಚಿನಲ್ಲಿ ಹೋಕೂಲೆಅ ಹೊರಟಿತು. ಹಿಂದೆ ಬೆಂಗಾವಲು ಹಡಗು. ಗುರು ದೋಣಿಯಲ್ಲೇ ಇದ್ದರೂ ದಾರಿ ತೋರಿಸುವ ಹೊಣೆ ನೈನೋವನದು. ಉಪಕರಣ ಏನೂ ಇಲ್ಲ. ನಕ್ಷತ್ರ ಹುಟ್ಟುವ ಜಾಗ, ಮುಳುಗುವ ಜಾಗ, ದೋಣಿಯ ಹೊಟ್ಟೆಗೆ ತಾಗುವ ಅಲೆಯ ದಿಕ್ಕು, ಬೆಳಿಗ್ಗೆ ದ್ವೀಪದಿಂದ ಮೀನಿಗೆ ಹೊರಟು ಸಂಜೆ ಗೂಡಿಗೆ ಮರಳುವ ಬಿಳಿಹಕ್ಕಿ, ಇಷ್ಟೇ. ಒಂದು ತಿಂಗಳ ಮೇಲೆ ತಾಹಿತಿ ಕಂಡಿತು. ಹೋಗಿದ್ದಷ್ಟೇ ಅಲ್ಲ, ಜೂನಿನಲ್ಲಿ ಹಾಗೆಯೇ ವಾಪಸೂ ಬಂದರು. ಶತಮಾನಗಳ ಮೇಲೆ ಹವಾಯಿಯವನೊಬ್ಬ ಹೀಗೆ ದಾರಿ ಕಂಡದ್ದು ಅದೇ ಮೊದಲು. ತೇಲಿ ಬಂದವರ ಮಕ್ಕಳು ಅನ್ನುವ ಮಾತು ಅಲ್ಲಿಗೆ ಮುಳುಗಿತು.

ಮಕ್ಕಳ ಕೈಗೆ

ಆಮೇಲಿನದು ಬೇಗ ಹೇಳಿಬಿಡಬಹುದು. 1985ರಿಂದ 87ರವರೆಗೆ ನ್ಯೂಜಿಲೆಂಡಿನ ತನಕ ಹೋಗಿ ಬಂದ ಯಾನ, ಸುಮಾರು 16,000 ಮೈಲಿ. 1999ರಲ್ಲಿ ಈಸ್ಟರ್ ದ್ವೀಪ. ನಡುವೆ 1992ರಲ್ಲಿ ಒಂದು ತಮಾಷೆ ಸಂಗತಿ ನಡೆಯಿತು. ಹವಾಯಿಯಲ್ಲಿ ಬೆಳೆದ ಲೇಸಿ ವೀಚ್ ಎಂಬ ಗಗನಯಾತ್ರಿ ಕೊಲಂಬಿಯಾ ನೌಕೆಯಲ್ಲಿ ಭೂಮಿ ಸುತ್ತುತ್ತಿದ್ದರು. ಹೋಕೂಲೆಅ ಸಮುದ್ರದಲ್ಲಿತ್ತು. ಆಕಾಶದ ನೌಕೆ, ಕಡಲಿನ ದೋಣಿ, ಹವಾಯಿಯ ಶಾಲೆಯ ಕ್ಲಾಸು, ಮೂರಕ್ಕೂ ರೇಡಿಯೊ ಸಂಪರ್ಕ ಕೊಟ್ಟು ಮಾತಾಡಿಸಿದರು. ಬೆಂಚಿನ ಮೇಲೆ ಕೂತ ಮಕ್ಕಳು ಇಬ್ಬರು ನಾವಿಕರ ಮಾತನ್ನೂ ಒಟ್ಟಿಗೆ ಕೇಳಿದರು. ಅಲ್ಲಿಂದಾಚೆ ದೋಣಿಯ ಪ್ರತಿ ಯಾನಕ್ಕೂ ಶಾಲೆಯ ಪಾಠ ಗಂಟು ಬಿದ್ದಿತು.

ಇನ್ನೊಂದು ಪ್ರಸಂಗ. ಪೂರ್ತಿ ಹವಾಯಿ ಮರದಿಂದಲೇ ಒಂದು ಜೋಡಿದೋಣಿ ಮಾಡೋಣ ಅಂತ ತಿಂಗಳುಗಟ್ಟಲೆ ಕಾಡು ಅಲೆದರು. ದೋಣಿಗೆ ಸಾಲುವಷ್ಟು ದೊಡ್ಡ ಕೋಆ ಮರ ಎರಡು ಸಿಗಲಿಲ್ಲ. ಕಾಡು ಅಷ್ಟು ಸವೆದಿತ್ತು. ಅಲಾಸ್ಕಾದ ಮೂಲನಿವಾಸಿಗಳು ತಮ್ಮ ಕಾಡಿನ ಎರಡು ಭಾರೀ ಸ್ಪ್ರೂಸ್ ಮರ ಕೊಡುತ್ತೇವೆ ಎಂದರು. ತಗೊಂಡರೆ ಕೆಲಸ ಆಗುತ್ತದೆ. ಆದರೆ ನಮ್ಮ ಕಾಡು ಹಾಳು ಮಾಡಿಕೊಂಡು ಅವರ ಮರ ಕಡಿಯುವುದೇ ಎಂಬ ಸಂಕೋಚಕ್ಕೆ ನೈನೋವ ತಡೆದ. ಮೊದಲು ಶಾಲೆ ಮಕ್ಕಳನ್ನು ಸೇರಿಸಿ ಹವಾಯಿಯ ಬೆಟ್ಟಗಳಲ್ಲಿ ಕೋಆ ಸಸಿ ನೆಡಿಸಿದರು, ಆಮೇಲಷ್ಟೇ ಅಲಾಸ್ಕಾದ ಮರಕ್ಕೆ ಕೊಡಲಿ ಇಟ್ಟರು. ಆ ಸಸಿಗಳು ದೋಣಿಗೆ ಸಾಲುವಷ್ಟು ದಪ್ಪವಾಗಲು ನೆಟ್ಟ ಮಕ್ಕಳ ಮೊಮ್ಮಕ್ಕಳ ಕಾಲ ಬರಬೇಕು.

ಪಿಂಕಿ ಥಾಂಪ್ಸನ್ ಕೊನೆಯವರೆಗೂ ಸೊಸೈಟಿಯ ಅಧ್ಯಕ್ಷರಾಗಿ ಇದೆಲ್ಲವನ್ನೂ ದಂಡೆಯಲ್ಲಿ ನಿಂತು ನಡೆಸಿದರು. ದಾರಿ ಕಂಡವನು ಅಂತ ಊರೂರಲ್ಲಿ ಹೂಮಾಲೆ ಬಿದ್ದದ್ದು ಮಗನ ಕೊರಳಿಗೆ. ಅಪ್ಪನ ಪಾಲಿಗೆ ಚಂದಾ ಎತ್ತುವುದು, ಅನುಮತಿ ಪತ್ರ, ಸಭೆ, ಮತ್ತೆ ಸಭೆ. ಹಾಗೆ ನೋಡಿದರೆ ಮಕ್ಕಳ ಪರ ಕೆಲಸದಲ್ಲಿ ಎಲ್ಲೆಡೆಯೂ ಮುಕ್ಕಾಲು ಪಾಲು ಇದೇ ಇರುತ್ತದೆ, ಕಚೇರಿಯ ಬೆಂಚು ಕಾಯುವುದು.

ಅಪ್ಪ ಹೋದ ಮೇಲೆ ಸೊಸೈಟಿಯನ್ನು ಮಗ ನಡೆಸಿದ. ಅಪ್ಪ ಕೂತಿದ್ದ ಶಾಲಾ ದತ್ತಿಯಲ್ಲಿಯೂ ಹಲವು ವರ್ಷ ಟ್ರಸ್ಟಿಯಾಗಿದ್ದ. 2007ರಲ್ಲಿ ಹವಾಯಿಯವರು ಗುರುದಕ್ಷಿಣೆಯಾಗಿ ಮಾವ್‌ಗೆ ಒಂದು ಜೋಡಿದೋಣಿಯನ್ನೇ ಕಟ್ಟಿ ಸತವಾಲಿಗೆ ತಲುಪಿಸಿದರು. 2010ರಲ್ಲಿ ಮಾವ್ ಕೂಡ ತೀರಿಕೊಂಡ.

2014ರಲ್ಲಿ ಹೋಕೂಲೆಅ ಭೂಮಿಯನ್ನೇ ಸುತ್ತಲು ಹೊರಟಿತು. ಹಿಂದೂ ಮಹಾಸಾಗರ ದಾಟಿ ಮಾರಿಷಸ್, ದಕ್ಷಿಣ ಆಫ್ರಿಕಾ, ಅಲ್ಲಿಂದ ಅಮೆರಿಕದ ಪೂರ್ವ ತೀರ. ಹೋದ ಬಂದರುಗಳಲ್ಲಿ ಶಾಲೆ ಮಕ್ಕಳು ದೋಣಿ ಹತ್ತಿ ಇಳಿದರು. 1976ರಲ್ಲಿ ಇನ್ನೂ ಹುಟ್ಟೇ ಇರದ ಹುಡುಗ ಹುಡುಗಿಯರು ಈಗ ದಾರಿ ತೋರುವ ಜಾಗದಲ್ಲಿ ನಿಂತಿದ್ದರು. 2017ರ ಜೂನ್ 17ರಂದು ದೋಣಿ ಮನೆಗೆ ಬಂತು. ಅದನ್ನು ಕಟ್ಟಿದ್ದು ಮ್ಯಾಜಿಕ್ ಐಲೆಂಡ್ ದಂಡೆಯಲ್ಲೇ, 1978ರಲ್ಲಿ ಎಡ್ಡಿಯನ್ನು ಹೊತ್ತು ಹೊರಟ ಅದೇ ದಂಡೆಯಲ್ಲಿ. ಸಾವಿರಾರು ಜನ ನೀರಿನ ಅಂಚಿಗೆ ಇಳಿದು ನಿಂತಿದ್ದರು.